ಊಟ ಆದ ಮೇಲೆ ಓದು

ಗೋಟಿಂಗನ್, ಪಶ್ಚಿಮ ಜರ್ಮನಿ
12 ಅಕ್ಟೋಬರ್ 1986

ಪ್ರೀತಿಯ ಅಸುಂತಕ್ಕ,

ತಲುಪಿದ್ದೇನೆ. ನೀನಿದನ್ನು ಓದುವ ಹೊತ್ತಿಗೆ ತಲುಪಿ ಒಂದು ತಿಂಗಳ ಮೇಲಾಗಿರುತ್ತದೆ, ಆದರೂ ಮೊದಲು ಇದನ್ನೇ ಬರೆಯಬೇಕಲ್ಲ. ವಿಮಾನದಲ್ಲಿ ಅಷ್ಟು ಹೊತ್ತು ನನ್ನ ಮಡಿಲು ಖಾಲಿ ಇತ್ತು. ಪಕ್ಕದ ಮುದುಕನೊಬ್ಬ ತನ್ನ ಟೋಪಿಯನ್ನು ಎಲ್ಲಿಡುವುದೆಂದು ತಿಳಿಯದೆ ಒದ್ದಾಡುತ್ತಿದ್ದ. ನಾನೇ ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡೆ. ಇಳಿಯುವಾಗ ಅವನು ಹೇಳಿದ, "ಅಷ್ಟೂ ದಾರಿ ತಟ್ಟಿದ್ದೀಯ ಕಣಮ್ಮ. ಮಲಗಿಬಿಟ್ಟಿದೆ ನನ್ನ ಟೋಪಿ, ಮೆಲ್ಲಗೆ ಕೊಡು."

ಇಲ್ಲಿ ನಾವು ಹದಿನೆಂಟು ಜನ. ನೇಪಾಳದವರು, ಘಾನಾದವರು, ಯೆಮೆನ್‌ನವನೊಬ್ಬ. ಎಲ್ಲರೂ ಅವರವರ ಊರಲ್ಲಿ ಎಂಜಿನಿಯರೋ ಅಧಿಕಾರಿಯೋ ಆಗಿದ್ದವರು. ಇಲ್ಲಿ ಮತ್ತೆ ಬೆಂಚಿನ ಮೇಲೆ ಕೂತು ಪೆನ್ಸಿಲ್ ಕಚ್ಚುವ ಮಕ್ಕಳು. ಎರಡು ವರ್ಷ ನೆಲದಡಿಯ ನೀರಿನ ಬಗ್ಗೆ ಓದಬೇಕು, ಮುಗಿಸಿ ತಂತಮ್ಮ ದೇಶಕ್ಕೇ ವಾಪಸು ಹೋಗಿ ದುಡಿಯಬೇಕು, ಹಾಗೆಂದು ಸಹಿ ಹಾಕಿಸಿಕೊಂಡೇ ವಿದ್ಯಾರ್ಥಿವೇತನ ಕೊಟ್ಟಿದ್ದಾರೆ. ನಮ್ಮ ಸರೋವರ ಉಕ್ಕಿ ದಡದ ಬಾವಿಗಳೆಲ್ಲ ಕೆಟ್ಟುಹೋದ ಕತೆ ಹೇಳಿದೆ. ಪ್ರೊಫೆಸರು ಪೆನ್ನು ಕೆಳಗಿಟ್ಟು ಕೇಳಿದರು. ನನ್ನ ಮಗಳ ವಿಷಯ ಯಾರೂ ಕೇಳಲಿಲ್ಲ.

ಹಾಲು ಇನ್ನೂ ನಿಂತಿಲ್ಲ. ಬೆಳಿಗ್ಗೆ ತರಗತಿಗೆ ಮುಂಚೆ ಕೈತೊಳೆಯುವ ತೊಟ್ಟಿಗೆ ಹಿಂಡಿ ನಲ್ಲಿ ಬಿಡುತ್ತೇನೆ. ಅದು ಹೋಗುವ ದಾರಿ ನನಗೆ ಗೊತ್ತು, ನಾನು ಓದುತ್ತಿರುವುದೇ ಅದನ್ನಲ್ಲವೆ. ಕೊಳವೆಯಿಂದ ಚರಂಡಿಗೆ, ಅಲ್ಲಿಂದ ಇಲ್ಲಿಯ ಸಣ್ಣ ನದಿಗೆ, ನದಿಯಿಂದ ಸಮುದ್ರಕ್ಕೆ. ಅಲ್ಲಿಗೆ ನಿಲ್ಲುತ್ತದೆ. ಯಾವ ಸಮುದ್ರಕ್ಕೂ ನಮ್ಮ ಸರೋವರದ ದಾರಿ ಗೊತ್ತಿಲ್ಲ.

ನಿದ್ದೆ ಬರುವುದಿಲ್ಲ. ಹತ್ತು ತಿಂಗಳು ಅವಳು ಎದ್ದಾಗಲೆಲ್ಲ ಎದ್ದ ಮೈ ಇದು, ಈಗಲೂ ಅವಳ ಗಡಿಯಾರಕ್ಕೇ ಏಳುತ್ತದೆ. ಹಗಲು ತರಗತಿಯಲ್ಲಿ ಮೇಷ್ಟ್ರ ಮಾತು ನೀರೊಳಗಿಂದ ಬಂದಂತೆ ಕೇಳಿಸುತ್ತದೆ.

ಒಂದು ಮಾತು. ಅಮ್ಮನ ಪದ್ಧತಿ ನನಗೆ ಬೇಡ. ದೂರ ಹೋದವರಿಗೆ ಕೆಟ್ಟ ಸುದ್ದಿಯನ್ನು ಸುದ್ದಿ ಅಂತ ಹೇಳಬಾರದು, ಕನಸು ಕಂಡೆ ಅಂತ ಹೇಳಬೇಕು, ಅದನ್ನೂ ಅವರು ಉಂಡ ಮೇಲೇ ಕೇಳಬೇಕು, ಇದೆಲ್ಲ ನನಗೂ ಗೊತ್ತು. ಅಪ್ಪ ಗಣಿಯಲ್ಲಿದ್ದಾಗ ಹೊರೆ ಹೊರುವ ನಮ್ಮ ಲಾಮಾ ಸತ್ತದ್ದನ್ನು ಅಮ್ಮ "ಅಂಗಳದಲ್ಲಿ ಹಳದಿ ಹೂವು ಕಂಡೆ" ಅಂತ ಬರೆಸಿದ್ದಳು, ಅಪ್ಪ ಅದನ್ನೋದಿ ಆವತ್ತೇ ಲಾಮಾದ ಹಗ್ಗ ಯಾರಿಗೋ ಕೊಟ್ಟುಬಿಟ್ಟ. ನನಗೆ ಹೂವು ಬೇಡ. ಎಷ್ಟು ಕಿಲೋ, ಎಷ್ಟು ಹಲ್ಲು, ಜ್ವರ ಬಂದರೆ ಎಷ್ಟು ಡಿಗ್ರಿ, ಅಷ್ಟು ಬರಿ.

ನೊಯೆಮಿಯ ಕತ್ತಿನ ಹಿಂದೆ, ಕೂದಲು ಶುರುವಾಗುವಲ್ಲಿ, ನನ್ನ ಪರವಾಗಿ ಒಂದು ಮುತ್ತು.

ರುಫಿನಾ


ಸಾನ್ ಪಾಬ್ಲೊ ದೆ ತಿಕಿನಾ
16 ನವೆಂಬರ್ 1986

ರುಫಿ,

ಕಾಗದ ಬಂತು. ಮೊದಲು ನೀ ಕೇಳಿದ್ದು ಒಪ್ಪಿಸ್ತೀನಿ ಎಂಜಿನಿಯರಮ್ಮ. ಎಂಟು ಕಿಲೋ ಇನ್ನೂರು ಗ್ರಾಂ. ಮೀನಿನ ತಕ್ಕಡೀಲಿ ತೂಗಿದ್ದು, ಅಂಟಿಕೊಂಡಿರೋ ಇಸ್ಪಿ ಮೀನಿನ ಹುರುಪೆ ಬೇಕಾದ್ರೆ ಕಳೆದುಕೋ. ಹಲ್ಲು ನಾಕು. ಅನುಮಾನ ಇದ್ರೆ ನನ್ನ ಬೆರಳನ್ನ ಕೇಳು.

ಬೆಳಿಗ್ಗೆ ಬೆನ್ನಿಗೆ ಕಟ್ಟಿಕೊಂಡು ದಡಕ್ಕೆ ಹೋಗ್ತೀನಿ. ಬಸ್ಸುಗಳನ್ನ ತೆಪ್ಪಕ್ಕೆ ಹತ್ತಿಸಿ ಆಚೆ ದಡಕ್ಕೆ ದಾಟಿಸ್ತಾರಲ್ಲ, ಅದನ್ನ ನೋಡಿದ್ರೆ ನಿನ್ನ ಮಗಳು ಕೈ ಬಡೀತಾಳೆ. ನಾನು ಮೀನು ಹುರೀತಿದ್ರೆ ಬೆನ್ನ ಮೇಲಿಂದ ಪ್ರಯಾಣಿಕರನ್ನ ಕೂಗಿ ಕರೀತಾಳೆ. ವ್ಯಾಪಾರ ಜಾಸ್ತಿ ಆಗಿದೆ. ಪಕ್ಕದ ಒಲೆ ಹೆನೊವೇವಾ ಇದಾಳಲ್ಲ, ಅವಳಿಗೆ ಹೊಟ್ಟೆಕಿಚ್ಚು. "ಏನೇ ಅಸುಂತಾ, ಗಂಡ ಇಲ್ಲ, ಬಸಿರಿಲ್ಲ, ನಲವತ್ತಕ್ಕೆ ಮಗು ಬಂತಲ್ಲೇ ನಿಂಗೆ" ಅಂದ್ಲು. ನಾನಂದೆ, "ನಿಂಗೂ ಒಂದು ಬೇಕಾ? ತಡಿ, ನಮ್ಮ ತಂಗಿ ಇನ್ನೊಂದು ಪರೀಕ್ಷೆ ಪಾಸಾಗ್ಲಿ."

ಅಲ್ಲಿ ತಿನ್ನೋಕೆ ಏನು ಕೊಡ್ತಾರೆ? ಚುನ್ಯೊ ಕಳಿಸ್ಲಾ? ಒಣಗಿದ ಆಲೂಗೆಡ್ಡೆ ಅಂತ ಹೇಳಿದ್ರೆ ಅಂಚೆಯವರು ಬಿಡ್ತಾರಂತೆ.

ಕೆಳಗಿರೋದನ್ನ ಊಟ ಆದ ಮೇಲೆ ಓದು. ಬೈಬೇಡ.

ನಾನೊಂದು ಕನಸು ಕಂಡೆ. ಮಗೂ ಎದೆಯೊಳಗೆ ಸರೋವರದ ಕಪ್ಪೆ ಬಂದು ಕೂತಿತ್ತು. ಐದು ದಿನ ವಟಗುಟ್ತು. ಆಮೇಲೆ ದಡದ ನೌಕಾದಳ ಠಾಣೆಯ ಡಾಕ್ಟರು ಬಂದು ಅದನ್ನ ಕರ್ಕೊಂಡುಹೋಗಿ ನೀರಿಗೆ ಬಿಟ್ಟರು. ಈಗ ಕಪ್ಪೆ ಇಲ್ಲ. ಎದೆ ಗಾಜಿನ ಹಾಗೆ ಇದೆ.

ಅಸುಂತಾ


ಗೋಟಿಂಗನ್
20 ಡಿಸೆಂಬರ್ 1986

ಅಸುಂತಾ,

ಆ ಕಪ್ಪೆಯ ಹೆಸರು ನ್ಯುಮೋನಿಯಾ ತಾನೆ?

ಯಾವ ಐದು ದಿನ, ಅದನ್ನಾದರೂ ಬರಿ. ನಾನು ಲೆಕ್ಕ ಹಾಕಿ ನೋಡಿದೆ. ನವೆಂಬರ್ ಮೊದಲ ವಾರವಾದರೆ ನಮ್ಮನ್ನು ಒಂದು ಅಣೆಕಟ್ಟು ನೋಡಲು ಕರೆದುಕೊಂಡು ಹೋಗಿದ್ದರು. ಅಲ್ಲಿ ನಾನು ಚೆರ್ರಿ ಹಣ್ಣಿನ ಕೇಕು ತಿಂದೆ. ಎರಡು ತುಂಡು ತಿಂದೆ. ನನ್ನ ಮಗಳು ಉಸಿರಿಗೆ ಒದ್ದಾಡುತ್ತಿದ್ದ ಹೊತ್ತಿನಲ್ಲಿ ಘಾನಾದ ಗೆಳತಿಗೆ "ಕೆನೆ ಹುಳಿಯಾಗಿದೆ ಅಲ್ವಾ" ಎಂದು ಕೇಳುತ್ತಿದ್ದೆ.

ಇಲ್ಲಿ ಹಿಮ ಬೀಳಲು ಶುರುವಾಗಿದೆ. ನಮ್ಮ ಬೆಟ್ಟಗಳ ಹಿಮ ಮೇಲೆ ಕೂತು ನಮ್ಮನ್ನು ನೋಡುತ್ತದೆ, ಇಲ್ಲಿಯದು ಕೆಳಗಿಳಿದು ಮನೆ ಬಾಗಿಲಿಗೇ ಬರುತ್ತದೆ. ಬೀದಿಯಲ್ಲಿ ತಾಯಂದಿರು ಮಕ್ಕಳನ್ನು ಬೆನ್ನಿಗೆ ಕಟ್ಟುವುದಿಲ್ಲ, ಗಾಲಿಯ ಪೆಟ್ಟಿಗೆಯಲ್ಲಿಟ್ಟು ಮುಂದಕ್ಕೆ ದೂಡುತ್ತಾರೆ, ಯಾರಿಗೋ ಒಪ್ಪಿಸಲು ಹೊರಟವರ ಹಾಗೆ. ಆ ಪೆಟ್ಟಿಗೆಗಳ ಹಿಂದೆ ನಾನು ಎಷ್ಟೋ ದೂರ ನಡೆದು ಹೋಗಿರುತ್ತೇನೆ, ಎಚ್ಚರಾದಾಗ ಗುರುತಿಲ್ಲದ ಬೀದಿ.

ಈ ಕಾಗದದ ಮೊದಲ ಸಾಲುಗಳನ್ನು ಓದಿ ನೋಡಿದೆ. ಡಾಕ್ಟರನ್ನು ಕರೆಸಿದ್ದು ನೀನು, ಬೈದದ್ದು ನಾನು. ಹರಿದು ಹಾಕೋಣವೆಂದರೆ ಅಂಚೆಯ ಹೊತ್ತಾಯಿತು. ಹುಟ್ಟುಹಬ್ಬಕ್ಕೆ ಕಳಿಸಿದ ಕೆಂಪು ಟೋಪಿ ತಲುಪಿತೆ?

ರುಫಿನಾ


ತಿಕಿನಾ
25 ಜನವರಿ 1987

ರುಫಿ,

ಟೋಪಿ ತಲುಪಿತು. ಎಲ್ಲಿಟ್ರೂ ಹುಡುಕಿ ತಂದು ಅದರೊಳಗೆ ಬಟಾಣಿ ತುಂಬಿಸ್ತಾಳೆ. ತಲೆಗೆ ಹಾಕೋಕೆ ಬಿಡಲ್ಲ.

ನಡೀತಾಳೆ ಕಣೆ. ಹೋದ ಭಾನುವಾರ ಒಲೆಯಿಂದ ದೋಣಿ ಕಟ್ಟೋ ಗೂಟದ ತನಕ ಹದಿಮೂರು ಹೆಜ್ಜೆ ಇಟ್ಲು. ಹೆನೊವೇವಾ ಹನ್ನೊಂದು ಅಂತಾಳೆ, ಅವಳಿಗೆ ಎಣಿಸೋಕೆ ಬರಲ್ಲ. ಗೂಟ ಹಿಡ್ಕೊಂಡು ತಿರುಗಿ ನೋಡಿದ್ಲು, ನಾವೆಲ್ಲ ಎಲ್ಲಿಗೋ ಹೊರಟುಹೋಗಿರ್ತೀವಿ ಅನ್ನೋ ಹಾಗೆ. ಒಂಬತ್ತು ಕಿಲೋ. ಹಲ್ಲು ಎಂಟು. ಮಾತು ಬಂತಾ ಅಂತ ಕೇಳಿದ್ರೆ, ಏನೇನೋ ಅಂತಾಳೆ, ಯಾರಿಗೆ ಅರ್ಥ ಆಗತ್ತೆ.

ಅವಳಪ್ಪನ ಸುದ್ದಿ ಏನೂ ಇಲ್ಲ. ಸಾಂತಾ ಕ್ರೂಸ್‌ಗೆ ಕಬ್ಬು ಕಡಿಯೋಕೆ ಹೋದೋನು ಹೋದ. ನೀನೂ ಕೇಳಬೇಡ, ನಾನೂ ಹೇಳಲ್ಲ.

ಚೆನ್ನಾಗಿ ಓದು. ಮಗೂ ಯೋಚನೆ ಮಾಡಬೇಡ. ಬೇಕಾದ್ರೆ ಎರಡಲ್ಲ, ಮೂರು ವರ್ಷ ಓದು.

ಇದು ಊಟ ಆದ ಮೇಲೆ. ನಾನು ಕನಸು ಕಂಡೆ. ಸರೋವರದ ದಡದಲ್ಲಿ ಕೂತು ಮಗೂ ಬಿಳಿ ಬಟ್ಟೆ ಒಗೀತಿದ್ದೆ. ಒಂದೊಂದಾಗಿ ಕೈಯಿಂದ ಜಾರಿ ನೀರಿನ ಮೇಲೆ ಹೋಗ್ತಿತ್ತು. ಅಂಗಿ, ಕಾಲುಚೀಲ, ಲಂಗ. ನಾನು ಕೂಗ್ತಾನೇ ಇದ್ದೆ, ನೀರು ನಿಲ್ಲಲಿಲ್ಲ.

ಅಸುಂತಾ


ಗೋಟಿಂಗನ್
22 ಫೆಬ್ರವರಿ 1987

ಅಕ್ಕ,

ನಿನ್ನ ಕಾಗದ ಗುರುವಾರ ಬಂತು. ಊಟ ಮಾಡದೆ ಓದಿದೆ.

ಸತ್ತವರ ಬಟ್ಟೆಯನ್ನು ಎಂಟನೆಯ ದಿನ ಸರೋವರದಲ್ಲಿ ಒಗೆಯುತ್ತೇವೆ. ಅಮ್ಮನದನ್ನು ನಾವಿಬ್ಬರೇ ಒಗೆದದ್ದು. ಕಪ್ಪೆಯನ್ನು ಓದಿದ ಹಾಗೇ ಇದನ್ನೂ ಓದಿದೆ. ಹದಿಮೂರು ಹೆಜ್ಜೆ, ಎಂಟು ಹಲ್ಲು, ಬಟಾಣಿ, ಎಲ್ಲ ನನ್ನನ್ನು ಊಟದವರೆಗೆ ಜೀವದಲ್ಲಿಡಲು ನೀನು ಕಟ್ಟಿದ್ದು ಅಂದುಕೊಂಡೆ. ಹೊರಗೆ ಹೇಗೆ ಬಂದೆನೋ ಗೊತ್ತಿಲ್ಲ. ಕೋಟು ಹಾಕಿರಲಿಲ್ಲವಂತೆ. ನಮ್ಮ ಕಡತಗಳನ್ನು ನೋಡಿಕೊಳ್ಳುವ ಲಿಂಡ್ನರ್ ಎಂಬಾಕೆಯ ಮೇಜಿನ ಮುಂದೆ ನಿಂತಿದ್ದೆ.

"ನಾನು ಓದು ಬಿಟ್ಟು ಹೋಗ್ತೀನಿ" ಅಂದೆ.

"ಯಾಕೆ?"

"ನನ್ನ ಮಗಳು ಸತ್ತುಹೋದಳು."

ಆಕೆ ಕಡತ ತೆಗೆದು ನೋಡಿದಳು. "ನಿಮಗೆ ಮಗಳೇ ಇಲ್ಲವಲ್ಲ."

ಇದನ್ನು ನಿನಗೂ ಹೇಳಿರಲಿಲ್ಲ. ಲಾ ಪಾಸ್‌ನಲ್ಲಿ ಅರ್ಜಿ ತುಂಬುವಾಗ ಸರದಿಯಲ್ಲಿ ಹಿಂದೆ ನಿಂತಿದ್ದವಳೊಬ್ಬಳು, "ಮಕ್ಕಳಿರೋರನ್ನ ಅವರು ಕರ್ಕೊಳಲ್ಲ ಕಣೆ, ಅದರಲ್ಲೂ ಗಂಡ ಇಲ್ದೋರನ್ನ" ಅಂದಳು. ಮಕ್ಕಳು ಎಂಬ ಜಾಗವನ್ನು ಖಾಲಿ ಬಿಟ್ಟೆ. ಅವಳು ಆಗ ನನ್ನ ಬೆನ್ನ ಮೇಲೇ ಮಲಗಿದ್ದಳು ಅಕ್ಕ, ಅವಳ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು, ಆಗ ಖಾಲಿ ಬಿಟ್ಟೆ.

"ಸತ್ತಳೆಂದು ಯಾರು ಹೇಳಿದರು?" ಎಂದಳು ಲಿಂಡ್ನರ್.

"ನನ್ನ ಅಕ್ಕ. ಬಟ್ಟೆ ಒಗೆದಳಂತೆ. ಕನಸಲ್ಲಿ."

ಆಕೆ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೂರು ಗಂಟೆ ಹಿಡಿಯಿತು. ಕೊನೆಗೆ ತಿಕಿನಾದ ನೌಕಾದಳದ ಠಾಣೆ ಸಿಕ್ಕಿತು. ಸಿಪಾಯಿಯೊಬ್ಬನ ದನಿ, ಸರೋವರದ ಗಾಳಿ ಸಮೇತ.

"ಯಾವ ನೊಯೆಮಿ? ಓ, ಅಸುಂತಾನ ಮಗಳಾ? ಈಗಷ್ಟೇ ನನ್ನ ರೊಟ್ಟಿ ಕಿತ್ಕೊಂಡು ಹೋದ್ಲು. ಯಾಕೆ, ದೂರು ಬರ್ಕೋಬೇಕಾ?"

ನಾನು ನಕ್ಕೆ. ಲಿಂಡ್ನರ್ ಕಾಫಿ ತಂದುಕೊಟ್ಟಾಗಲೂ ನಗುತ್ತಲೇ ಇದ್ದೆ, ಆಕೆ ಲೋಟವನ್ನು ನನ್ನ ಬಾಯಿಗೆ ಹಿಡಿಯಬೇಕಾಯಿತು. ಅಸುಂತಾನ ಮಗಳು ಅಂದನಲ್ಲ, ಊರವರು ಹಾಗೆ ಹೇಳುವುದು ಸಹಜ. ಅದನ್ನೇನೂ ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಈಗ ಕೇಳು. ಮಗುವಿಗೂ ವೇತನದಲ್ಲಿ ಪಾಲಿದೆಯಂತೆ. ಎರಡನೆಯ ವರ್ಷಕ್ಕೆ ಅವಳನ್ನು ಕರೆಸಿಕೊಳ್ಳಬಹುದು, ಪ್ರಯಾಣವೂ ಅವರದೇ. ಬಿಟ್ಟ ಜಾಗವನ್ನು ತುಂಬಿದರೆ ಸಾಕು. ಸುಳ್ಳು ಹೇಳಿದಿರಿ ಎಂದು ಬೈಯುತ್ತಾಳೆಂದುಕೊಂಡಿದ್ದೆ, ಆಕೆ ಪೆನ್ನು ಕೊಟ್ಟಳು. ಅವಳ ಜನನ ಪತ್ರ, ಲಸಿಕೆಯ ಚೀಟಿ, ಎರಡೂ ಜೂನ್ ಮುಗಿಯುವುದರೊಳಗೆ ಇಲ್ಲಿರಬೇಕು. ನಿನ್ನ ಹಿಟ್ಟಿನ ಡಬ್ಬದ ಹಿಂದೆ, ಅಮ್ಮನ ಕಾಗದಗಳ ಜೊತೆ ಇಟ್ಟಿದ್ದೇನೆ. ರಿಜಿಸ್ಟರ್ ಮಾಡಿ ಕಳಿಸು.

ಇಂಥ ಕನಸನ್ನು ಯಾಕೆ ಬರೆದೆ, ಅದನ್ನೂ ಬರಿ.

ರುಫಿನಾ


ಗೋಟಿಂಗನ್
29 ಮಾರ್ಚ್ 1987

ಅಕ್ಕ,

ಉತ್ತರ ಬರಲು ಇನ್ನೂ ಸಮಯವಿದೆ ಎಂದು ಗೊತ್ತು, ಸುಮ್ಮನೆ ಬರೆಯುತ್ತಿದ್ದೇನೆ. ಮಗುವಿಟ್ಟುಕೊಳ್ಳಬಹುದಾದ ಕೋಣೆ ಸಿಕ್ಕಿದೆ. ಕಿಟಕಿಯ ಹೊರಗೊಂದು ಮರವಿದೆ, ಹೆಸರು ಗೊತ್ತಿಲ್ಲ, ಇನ್ನೂ ಎಲೆಯಿಲ್ಲ. ಈಚೆಗೆ ಸ್ವಲ್ಪ ನಿದ್ದೆ ಹತ್ತುತ್ತದೆ. ಹತ್ತಿದರೆ ತೆಪ್ಪದ ಮೇಲಿರುತ್ತೇನೆ, ದಡ ಕಾಣುತ್ತಿರುತ್ತದೆ, ಅಂಬಿಗನಿಗೂ ಜೋಂಪು. ಎಷ್ಟು ಹೊತ್ತಾದರೂ ಯಾರಿಗೂ ಅವಸರವಿಲ್ಲ.

ಡಬ್ಬದ ಹಿಂದೆ ಸಿಗದಿದ್ದರೆ ಹಾಸಿಗೆಯ ಕೆಳಗೆ ನೋಡು.

ರುಫಿನಾ


ಗೋಟಿಂಗನ್
10 ಮೇ 1987

ಅಸುಂತಾ,

ನೀನು ಚೆನ್ನಾಗಿದ್ದೀಯಾ? ಅಂಚೆಯವನು ನನ್ನನ್ನು ಕಂಡರೆ ಈಗ ದೂರದಿಂದಲೇ ತಲೆಯಾಡಿಸುತ್ತಾನೆ. ಠಾಣೆಗೆ ಮತ್ತೆ ಫೋನ್ ಮಾಡಿಸಿದೆ, ನಿನಗೆ ಹೇಳುತ್ತೇನೆಂದ ಹುಡುಗ ಹೇಳಿದನೋ ಇಲ್ಲವೋ. ಪ್ರೊಫೆಸರು ನನ್ನ ವರದಿಯನ್ನು ಎಲ್ಲರೆದುರು ಹೊಗಳಿದರು. ನನಗೆ ಯಾರ ವರದಿಯೋ ಅನ್ನಿಸಿತು.

ಜೂನ್ ಮೂವತ್ತು ಕೊನೆಯ ದಿನ. ಬಯ್ಯುವುದಾದರೂ ಸರಿ, ಒಂದು ಸಾಲು ಬರಿ.

ರುಫಿ


ತಿಕಿನಾ
7 ಜೂನ್ 1987

ರುಫಿ,

ಇದನ್ನ ಯಾವಾಗ ಬೇಕಾದ್ರೂ ಓದು. ಕನಸು ಇಲ್ಲ.

ನಿನ್ನ ಮೂರು ಕಾಗದಾನೂ ಬಂದಿವೆ. ಫೋನ್ ಮಾಡಿದ್ದನ್ನೂ ಆ ಹುಡುಗ ಬಂದು ಹೇಳಿದ. ಜನನ ಪತ್ರ ನೀ ಹೇಳಿದ ಜಾಗದಲ್ಲೇ ಇತ್ತು, ಮೊದಲನೇ ದಿನಾನೇ ಸಿಕ್ತು. ತೆಗೆದು ನನ್ನ ಲಂಗದ ಒಳಜೇಬಿಗೆ ಹಾಕಿಕೊಂಡೆ. ಮೂರು ತಿಂಗಳು ಅಲ್ಲೇ ಇತ್ತು. ನಾಳೆ ಕಳಿಸೋಣ, ನಾಳೆ ಕಳಿಸೋಣ ಅಂತ. ಮಡಿಕೆ ಬಿದ್ದು ಅಕ್ಷರ ಒಂದು ಕಡೆ ಅಳಿಸಿದೆ. ಹೆಸರು ಇರೋ ಕಡೆ ಅಲ್ಲ, ಹೆದರಬೇಡ.

ಬಟ್ಟೆ ಒಗೆದ ಕನಸು ನಿಜವಾಗ್ಲೂ ಕನಸೇ. ನಾನು ಕಂಡಿದ್ದು, ಮಲಗಿ, ಕಣ್ಣು ಮುಚ್ಚಿಕೊಂಡು ಕಂಡಿದ್ದು. ಎದ್ದು ಕೂತೆ, ಯಾರಿಗೆ ಹೇಳ್ಲಿ, ಹೆನೊವೇವಾಗೆ ಹೇಳ್ಲಾ? ನಿಂಗೆ ಬರೆದುಬಿಟ್ಟೆ. ನೀ ಅದನ್ನ ಹೇಗೆ ಓದ್ತೀಯ ಅಂತ ಅಂಚೆ ಡಬ್ಬಿಗೆ ಹಾಕೋವಾಗ್ಲೂ ಹೊಳೀಲಿಲ್ಲ. ನನ್ನ ಭಯಕ್ಕೆ ನೀನು ಕೋಟಿಲ್ದೆ ಹಿಮದಲ್ಲಿ ಓಡೋ ಹಾಗಾಯ್ತು.

ಏನು ಭಯ ಅಂತ ಕೇಳ್ತೀಯ. ಅವಳು ನನ್ನನ್ನ ಅಮ್ಮ ಅಂತಾಳೆ ರುಫಿ. ನವೆಂಬರ್‌ನಿಂದ ಅಂತಾಳೆ. ಜ್ವರ ಬಿಟ್ಟ ಬೆಳಿಗ್ಗೆ, ಸೂಪು ಕುಡಿಸ್ತಿದ್ದೆ, ಚಮಚ ತಳ್ಳಿ ಅಂದ್ಲು. ಕೆಟ್ಟ ಸುದ್ದಿ ಎಲ್ಲಾನೂ ನಿಂಗೆ ಕನಸು ಮಾಡಿ ಬರೆದೆ. ಇದನ್ನ ಕನಸು ಅಂತಾನೂ ಬರೀಲಿಲ್ಲ, ಯಾಕಂದ್ರೆ ಇದು ಕೆಟ್ಟ ಸುದ್ದಿ ಅಂತ ನಂಗೆ ಅನ್ನಿಸ್ಲೇ ಇಲ್ಲ. ನಾನು ತಿದ್ದಬೇಕಿತ್ತು. ಒಂದು ಸಲ ತಿದ್ದಿದೆ, ಅವಳು ನಕ್ಕು ಮತ್ತೆ ಅಂದ್ಲು. ಆಮೇಲೆ ತಿದ್ದಲಿಲ್ಲ.

ಮೊನ್ನೆ ತೆಪ್ಪ ದಾಟೋ ಹೆಂಗಸೊಬ್ಬಳು ಮೀನು ತಿಂತಾ, "ಮಗಳು ನಿನ್ನ ಥರಾನೇ ಇದಾಳೆ" ಅಂದ್ಲು. ಹೂಂ ಅಂದೆ. ಆಮೇಲೆ ಅವಳು, "ಇವಳಪ್ಪ ಎಲ್ಲಿ?" ಅಂದ್ಲು. ನನ್ನ ಬಾಯಲ್ಲಿ "ಸಾಂತಾ ಕ್ರೂಸ್‌ಗೆ ಹೋಗಿದಾರೆ" ಅಂತ ಬಂತು. ನಿನ್ನ ಗಂಡಸನ್ನೂ ತಗೊಂಡುಬಿಟ್ಟೆ ನೋಡು ನಾನು. ಅವತ್ತು ಒಲೆ ಆರಿಸಿ ಮನೆಗೆ ಬಂದು ಜೇಬಿಂದ ಪತ್ರ ತೆಗೆದೆ.

ಇದರ ಜೊತೆ ಇದೆ, ಲಸಿಕೆ ಚೀಟೀನೂ ಇದೆ. ನಮ್ಮ ಪಾದ್ರಿಯ ಮನೆ ಹತ್ತಿರದ ಸಿಸ್ಟರ್ ಗೆರ್ತ್ರೂದ್ ಆಗಸ್ಟ್‌ನಲ್ಲಿ ರಜೆಗೆ ಆ ದೇಶಕ್ಕೇ ಹೋಗ್ತಾರೆ, ಕರ್ಕೊಂಡು ಬರ್ತೀನಿ ಅಂದಿದಾರೆ. ವಿಮಾನದ ತನಕ ನಾನು ಬರ್ತೀನಿ. ಒಳಗೆ ಬಿಡಲ್ವಂತೆ.

ಅವಳು ಬೆನ್ನ ಮೇಲಲ್ಲದೆ ನಿದ್ದೆ ಮಾಡಲ್ಲ. ಬಲಗಡೆಗೆ ಮುಖ ಮಾಡಬೇಕು. ಬಟಾಣಿ ಸಿಪ್ಪೆ ತೆಗೆದು ಕೊಡು. ಹೆಚ್ಚು ಹೊತ್ತು ಸುಮ್ಮನಿದ್ರೆ ಏನೋ ಬಾಯಿಗೆ ಹಾಕ್ಕೊಂಡಿದಾಳೆ ಅಂತ ಅರ್ಥ.

ಅಸುಂತಾ


ಗೋಟಿಂಗನ್
20 ಸೆಪ್ಟೆಂಬರ್ 1987

ಅಕ್ಕ,

ಕಾಗದಗಳು ಜೂನ್ ಇಪ್ಪತ್ತೊಂಬತ್ತಕ್ಕೆ ತಲುಪಿದ್ದವು. ಲಿಂಡ್ನರ್ ಅಳಿಸಿದ ಅಕ್ಷರವನ್ನು ಭೂತಗನ್ನಡಿ ಹಿಡಿದು ಓದಿದಳು. ಮಗಳು ತಲುಪಿದ್ದನ್ನು ತಂತಿಯಲ್ಲಿ ತಿಳಿಸಿದ್ದೆ. ಉಳಿದದ್ದನ್ನು ಬರೆಯಲು ಮೂರು ವಾರ ಬೇಕಾಯಿತು.

ವಿಮಾನ ನಿಲ್ದಾಣದಲ್ಲಿ ಅವಳು ಸಿಸ್ಟರ್‌ರ ಕುತ್ತಿಗೆಯನ್ನು ಬಿಡಲಿಲ್ಲ. ನಾನು ಕೈ ಚಾಚಿದರೆ ಮುಖ ತಿರುಗಿಸಿದಳು, ಎಡಕ್ಕೆ. "ತಡೀರಮ್ಮ, ಅವಳಿಗೂ ಪ್ರಯಾಣದ ಆಯಾಸ" ಅಂದರು ಸಿಸ್ಟರ್. ಅವಳ ಕೂದಲಲ್ಲಿ ನಿನ್ನ ಒಲೆಯ ಹೊಗೆ ಇತ್ತು. ಹತ್ತು ದಿನ ತಲೆಗೆ ನೀರು ಹಾಕಲಿಲ್ಲ ನಾನು.

ಮೊದಲ ವಾರ ಬಾಗಿಲ ಬಳಿ ಕೂತು ನಿನ್ನನ್ನು ಕರೆಯುತ್ತಿದ್ದಳು. ಅಮ್ಮ, ಅಮ್ಮ, ಅಮ್ಮ. ಅಳದೆ, ಪಕ್ಕದ ಒಲೆಯಲ್ಲಿರುವವಳನ್ನು ಕರೆಯುವ ಹಾಗೆ. ಎಷ್ಟೋ ಸಲ ನನ್ನ ಬಾಯಿಗೆ ಬಂತು, ನಾನೇ ಕಣೇ ಅಮ್ಮ ಅಂತ. ಹೇಳಲಿಲ್ಲ. ನೀನು ಒಂದು ಸಲ ತಿದ್ದಿದ್ದೀಯಲ್ಲ, ಅಷ್ಟು ಸಾಕು. ನಾನು ನಿನ್ನ ಹತ್ತಿರ ಅವಳನ್ನು ಬಿಟ್ಟು ಬಂದಾಗ ಆ ಮಾತನ್ನು ಜೊತೆಗೆ ತಂದಿರಲಿಲ್ಲ. ಅದು ಅಲ್ಲೇ ಇರಲಿ.

ಬೆನ್ನಿಗೆ ಕಟ್ಟಿಕೊಂಡೇ ತರಗತಿಗೆ ಹೋಗುತ್ತೇನೆ. ಮೊದಲ ದಿನ ಪ್ರೊಫೆಸರು ಹಲಗೆಯ ಮೇಲೆ ಬರೆಯುತ್ತಿದ್ದವರು ತಿರುಗಿ, "ಹತ್ತೊಂಬತ್ತನೆಯವಳು ಯಾರು?" ಎಂದರು. ನೇಪಾಳದವನು ಅವಳಿಗೆ ತನ್ನ ಅಳತೆಪಟ್ಟಿ ಕೊಟ್ಟಿದ್ದಾನೆ, ಅವಳು ಅದನ್ನು ಕಡಿಯುತ್ತಾಳೆ. ನೆಲದಡಿಯ ನೀರಿನ ಪಾಠ ಶುರುವಾದರೆ ಬಲಗಡೆಗೆ ಮುಖ ಮಾಡಿ ಮಲಗುತ್ತಾಳೆ. ಆ ಭಾರ ಬೆನ್ನ ಮೇಲಿದ್ದರೆ ನನಗೂ ಕಣ್ಣು ಎಳೆಯುತ್ತದೆ. ಒಂದು ವರ್ಷದ ನಿದ್ದೆ ಅಕ್ಕ, ಎಲ್ಲ ಒಟ್ಟಿಗೆ ಬರುತ್ತಿದೆ.

ಮುಂದಿನ ವರ್ಷ ಅಕ್ಟೋಬರ್‌ಗೆ ಇಬ್ಬರೂ ಬರುತ್ತೇವೆ. ಬಾವಿಗಳ ಕೆಲಸ ದಡದ ಊರುಗಳಲ್ಲೇ. ನಿನ್ನ ಮನೆಯಲ್ಲೇ ಇರುತ್ತೇವೆ, ನೀನು ಬೇಡವೆಂದರೂ.

ಇದನ್ನು ಬರೆಯಲು ಕೂತದ್ದು ನಿನ್ನೆಯ ಸಂಗತಿಗಾಗಿ. ಸಂಜೆ ನಾನು ಒಲೆಯ ಕಡೆ ತಿರುಗಿ ಬಟಾಣಿ ಬೇಯಿಸುತ್ತಿದ್ದೆ. ಅವಳು ನೆಲದ ಮೇಲೆ ಕೂತಿದ್ದಳು. ಹಿಂದಿನಿಂದ ಯಾರೋ "ರುಫೀ" ಎಂದು ಕರೆದರು. ಕೊನೆಯನ್ನು ಸ್ವಲ್ಪ ಎಳೆದು, ಬೈಯುವುದಕ್ಕೂ ಮುದ್ದಿಗೂ ನಡುವೆ, ನಮ್ಮ ಮನೆಯಲ್ಲಿ ನೀನೊಬ್ಬಳೇ ಕರೆಯುವ ಹಾಗೆ. ನೀನೇ ಬಂದೆಯೆಂದು ಬಾಗಿಲು ನೋಡಿದೆ. ಬಾಗಿಲು ಹಾಕಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು.

ಆ ಹೆಸರನ್ನು ಇಲ್ಲಿ ಯಾರೂ ಕರೆಯುವುದಿಲ್ಲ. ನಾನಿಲ್ಲದ ಮನೆಯಲ್ಲಿ ಅವಳ ಕಿವಿಗೆ ಬೀಳುವಷ್ಟು ಸಲ ನೀನು ಅದನ್ನು ಹೇಳಿಕೊಂಡಿದ್ದೀಯ. ಯಾವ ಕಾಗದದಲ್ಲೂ ನೀನಿದನ್ನು ಬರೆದಿರಲಿಲ್ಲ.

ಮತ್ತೆ ಕರೆದಳು, "ರುಫೀ."

"ಏನೇ" ಎಂದೆ.

ಎರಡೂ ಕೈ ಮೇಲೆತ್ತಿದಳು.

ರುಫಿ